ಮೂವತ್ತೊಂದು ಬಾಟಲಿ

ಚನ್ನಮಲ್ಲಪ್ಪನವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ಅವರ ಕತ್ತರಿಯ ಸದ್ದಿನಿಂದಲೇ ತಿಳಿಯುತ್ತಿತ್ತು. ಸಮಾಧಾನವಾಗಿದ್ದ ದಿನ ಕತ್ತರಿ ಕಿಚಕಿಚ ಎಂದು ಒಂದೇ ಸಮನೆ ಆಡುತ್ತಿತ್ತು. ಸಿಟ್ಟು ಬಂದ ದಿನ ಟಪ್, ಟಪ್ ಎಂದು ಬಿಡಿಬಿಡಿಯಾಗಿ ಬೀಳುತ್ತಿತ್ತು. ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯ ಜೂನ್ ತಿಂಗಳಿಡೀ ರಾಜಾಜಿನಗರದ ಧರ್ಮಾಸ್ಪತ್ರೆಯ ಔಷಧದ ಕೋಣೆಯಲ್ಲಿ ಎರಡನೆಯ ಸದ್ದೇ ಕೇಳಿಸುತ್ತಿತ್ತು.

ಆ ಕತ್ತರಿಯಿಂದ ಅವರು ಕತ್ತರಿಸುತ್ತಿದ್ದದ್ದು ಕಾಗದದ ಪಟ್ಟಿಗಳನ್ನು. ಬೆರಳಗಲದ ಪಟ್ಟಿಯನ್ನು ಉದ್ದಕ್ಕೆ ಮಡಿಚಿ, ಅಂಚಿನಲ್ಲಿ ಸಮದೂರಕ್ಕೆ ಎಂಟು ಕಚ್ಚು ಹಾಕಿ, ಬಿಡಿಸಿ, ಬಾಟಲಿಯ ಬದಿಗೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಮದ್ದು. ಓದು ಬಾರದವರೂ ಬೆರಳಿಟ್ಟು ನೋಡಿಕೊಂಡು ಕುಡಿಯಬಹುದು. ಬಾಟಲಿಯನ್ನು ಮಾತ್ರ ಅವರವರೇ ಮನೆಯಿಂದ ತರಬೇಕು. ಆಸ್ಪತ್ರೆಯಲ್ಲಿ ಬಾಟಲಿ ಕೊಡುವ ಪದ್ಧತಿ ಇರಲಿಲ್ಲ. ಹೀಗಾಗಿ ಜನ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ, ಬ್ರಾಂದಿ ಬಾಟಲಿ, ಶಾಯಿಯ ದೊಡ್ಡ ಕುಪ್ಪಿ, ಕೈಗೆ ಸಿಕ್ಕಿದ್ದನ್ನು ತೊಳೆದುಕೊಂಡು ತಂದು ಸಾಲಿನಲ್ಲಿ ನಿಲ್ಲುತ್ತಿದ್ದರು.

ಚನ್ನಮಲ್ಲಪ್ಪನವರು ತಿಪಟೂರು ಕಡೆಯವರು. ವಯಸ್ಸು ಮೂವತ್ತನಾಲ್ಕು. ಹತ್ತು ವರ್ಷದಿಂದ ಕಾಂಪೌಂಡರ್ ಕೆಲಸ. ಪರೀಕ್ಷೆ ಕಟ್ಟಿ ಕಲಿತವರಲ್ಲ, ಹಳೆಯ ವೈದ್ಯರೊಬ್ಬರ ಪಕ್ಕದಲ್ಲಿ ನಿಂತು ಕಲಿತವರು. ಈಗ ಹೊಸ ಕಾನೂನು ಬಂದಿತ್ತು. ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಮದ್ದು ಬೆರೆಸುವಂತಿಲ್ಲ. ಪರೀಕ್ಷೆ ಇಲ್ಲದವರು ಐದು ವರ್ಷಕ್ಕೆ ಮೇಲ್ಪಟ್ಟು ಕೆಲಸ ಮಾಡಿದ್ದಕ್ಕೆ ಡಾಕ್ಟರಿಂದ ಸರ್ಟಿಫಿಕೇಟ್ ತಂದರೆ ಹೆಸರು ಸೇರಿಸುತ್ತಾರೆ, ಇಲ್ಲವಾದರೆ ಇಲ್ಲ. ಅವರ ಸರ್ಟಿಫಿಕೇಟು ಬೆರಳಚ್ಚಾಗಿ ಆಸ್ಪತ್ರೆಯ ದೊಡ್ಡ ಡಾಕ್ಟರ ಮೇಜಿನ ಮೇಲೆ ಕೂತಿತ್ತು. ಜುಲೈ ಕೊನೆಯೊಳಗೆ ಕಳಿಸಬೇಕು. ಬೇಕಾಗಿದ್ದದ್ದು ಒಂದು ಸಹಿ.

ಇದರ ಮಧ್ಯೆ ಜ್ವರ ಬಂತು. ಮದ್ರಾಸಿನ ಬಂದರಿಗೆ ಬಂದ ಹಡಗಿನಲ್ಲಿ ಇಳಿಯಿತಂತೆ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಹದಿನೈದು ದಿನದಲ್ಲಿ ಬೆಂಗಳೂರಿನ ಗಿರಣಿಗಳಲ್ಲಿ ಅರ್ಧ ಮಗ್ಗ ನಿಂತುಹೋದವು. ಧರ್ಮಾಸ್ಪತ್ರೆಗೆ ದಿನಕ್ಕೆ ಅರವತ್ತು ಜನ ಬರುತ್ತಿದ್ದಲ್ಲಿ ನಾನೂರು ಜನ ಬಂದರು. ಚೀಟಿಯ ಮೇಲೆ ಹೆಸರು ಬರೆಯುವುದನ್ನು ಬಿಟ್ಟು ನಂಬರು ಬರೆಯತೊಡಗಿದರು. ಮೂರು ಡಾಕ್ಟರುಗಳಲ್ಲಿ ಇಬ್ಬರು ಮಲಗಿದರು. ದೊಡ್ಡ ಡಾಕ್ಟರಿಗೂ ಜ್ವರವಿತ್ತು, ಶಾಲು ಹೊದ್ದುಕೊಂಡೇ ರೋಗಿಗಳನ್ನು ನೋಡುತ್ತಿದ್ದರು. ಅದನ್ನು ಚನ್ನಮಲ್ಲಪ್ಪನವರು ಯಾವತ್ತೂ ಇಲ್ಲವೆನ್ನಲಿಲ್ಲ.

ಆದರೆ ಜೂನ್ ಮೊದಲ ವಾರದಲ್ಲೇ ಅದೇ ಡಾಕ್ಟರು ಔಷಧದ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಮಾತ್ರ ಅವರು ಮರೆಯಲಿಲ್ಲ.

"ಜ್ವರದ ಪುಡಿ ಕಡಿಮೆ ಆಗ್ತಾ ಇದೆ ಚನ್ನಮಲ್ಲಪ್ಪ. ಇನ್ನು ಮೇಲೆ ನೀರು ಎರಡರಷ್ಟು ಹಾಕಿ."

"ಎರಡರಷ್ಟು ಹಾಕಿದ್ರೆ ಮದ್ದು ಅರ್ಧ ಆಗತ್ತಲ್ಲ ಸಾರ್. ಬೀರೂನಲ್ಲಿ ಇನ್ನೂ ಆರು ಡಬ್ಬ ಇದೆ."

"ಅದು ಟ್ರಸ್ಟಿಗಳ ಮನೆಗೆ, ಆಫೀಸರುಗಳಿಗೆ. ಮುಟ್ಟಬೇಡಿ. ಬಾಟ್ಲಿ ಕೈಗೆ ಸಿಕ್ಕಿದ್ರೆ ಜನಕ್ಕೆ ಸಮಾಧಾನ ಆಗತ್ತೆ. ಹಾಕಿ."

ಚನ್ನಮಲ್ಲಪ್ಪನವರು ಹಾಕಿದರು. ಸಹಿ ಬೇಕಾಗಿತ್ತು, ಹಾಕಿದರು. ಕತ್ತರಿ ಟಪ್, ಟಪ್ ಎಂದಿತು, ಅಷ್ಟೇ.

ಕೆಲಸ ಬೇಗ ಆಗಲೆಂದು ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆಯೇ ಒಂದು ಕಂದು ಜಾಡಿಯಲ್ಲಿ ಗಟ್ಟಿ ಮದ್ದನ್ನು ಕಲಸಿಡುವುದು. ಅದರಲ್ಲಿ ಒಂದು ಅಳತೆಗೆ ಏಳು ಅಳತೆ ನೀರು ಸೇರಿಸಿದರೆ ಸರಿಯಾದ ಮಿಕ್ಸ್ಚರ್. ಡಾಕ್ಟರ ಅಪ್ಪಣೆಯಾದ ಮೇಲೆ ಹದಿನೈದು ಅಳತೆ ನೀರು. ಹಾಗೆ ತೆಳುವಾದದ್ದನ್ನು ನಲ್ಲಿ ಇದ್ದ ಇನ್ನೊಂದು ಜಾಡಿಗೆ ಹಾಕಿ, ಅದರಿಂದ ಬಾಟಲಿಗಳಿಗೆ ಬಿಡುವುದು. ಕಂದು ಜಾಡಿಯ ಮೇಲೆ 'ಗಟ್ಟಿ' ಎಂದು ಒಂದು ಚೀಟಿ ಅಂಟಿಸಬೇಕಿತ್ತು. ಆ ಕೋಣೆಯಲ್ಲಿ ತಾನೊಬ್ಬನೇ ಇರುವುದು, ಯಾರು ಓದಬೇಕು ಎಂದು ಅಂಟಿಸಲಿಲ್ಲ. ಇದು ಅವರದೇ ತಪ್ಪು. ಇದನ್ನು ಮುಂದೆ ಅವರೇ ಬರೆದುಕೊಟ್ಟರು.

ಜೂನ್ ಇಪ್ಪತ್ತೈದು, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆಗೆ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಚನ್ನಮಲ್ಲಪ್ಪನವರು ಐವತ್ತು ಪಟ್ಟಿಗಳನ್ನು ಕತ್ತರಿಸಿ ಎಣಿಸಿಟ್ಟು, ಗಟ್ಟಿ ಮದ್ದು ಕಲಸಿ, ನಲ್ಲಿಯ ಜಾಡಿಗೆ ಕೈ ಹಾಕುವಷ್ಟರಲ್ಲಿ ದೊಡ್ಡ ಡಾಕ್ಟರಿಂದ ಕರೆ ಬಂತು. ಟ್ರಸ್ಟಿಗಳ ಬಂಗಲೆಗೆ ಔಷಧದ ಬುಟ್ಟಿ ತೆಗೆದುಕೊಂಡು ಈಗಲೇ ಹೋಗಬೇಕು.

"ಸಾಲು ಇದೆ ಸಾರ್. ಮಧ್ಯಾಹ್ನ ಹೋಗ್ತೀನಿ."

"ಸಾಲು ನಾಗರಾಜು ನೋಡ್ಕೊಳ್ತಾನೆ. ನೀವು ಹೊರಡಿ."

ನಾಗರಾಜು ವಾರ್ಡಿನ ಅಟೆಂಡರ್. ನಲವತ್ತು ದಾಟಿದ, ನಂಬಿಕಸ್ಥ ಮನುಷ್ಯ. ರೋಗಿಗಳನ್ನು ಎತ್ತಿ ಮಲಗಿಸುವುದು ಗೊತ್ತು, ಮದ್ದಿನ ವಿಷಯ ಗೊತ್ತಿಲ್ಲ. ಅವನಿಗೆ ಹೇಳಿ ಹೋಗೋಣವೆಂದರೆ ಅವನು ವಾರ್ಡಿನಲ್ಲಿ ಒಬ್ಬರಿಗೆ ಬೆಡ್‌ಪ್ಯಾನ್ ಇಡುತ್ತಿದ್ದ. ಗೇಟಿನಲ್ಲಿ ಬಂಗಲೆಯ ಕಾರು ಹಾರನ್ ಮಾಡುತ್ತಲೇ ಇತ್ತು.

ಬಂಗಲೆಯಲ್ಲಿ ಯಾರಿಗೂ ಹೇಳಿಕೊಳ್ಳುವಂಥ ಕಾಯಿಲೆ ಇರಲಿಲ್ಲ. ಟ್ರಸ್ಟಿಗಳ ನಾದಿನಿಗೆ ನೆಗಡಿ. ಆಕೆ ಸ್ನಾನಕ್ಕೆ ಹೋಗಿದ್ದರು. ಚನ್ನಮಲ್ಲಪ್ಪನವರನ್ನು ವರಾಂಡದಲ್ಲಿ ನಿಲ್ಲಿಸಿದರು. ಒಂದು ಗಂಟೆಯಾಯಿತು. ಸ್ನಾನವಾದ ಮೇಲೆ ಪೂಜೆ. ಕೊನೆಗೆ ಕೆಲಸದಾಕೆ ಬಂದು, "ಬುಟ್ಟಿ ಇಲ್ಲೇ ಇಟ್ಟು ಹೋಗ್ಬೇಕಂತೆ" ಎಂದಳು. ವಾಪಸ್ಸು ಕಾರು ಇರಲಿಲ್ಲ. ಜಿನುಗುವ ಮಳೆಯಲ್ಲಿ ನಡೆದುಕೊಂಡು ಬಂದರು. ಹನ್ನೊಂದೂವರೆ ಆಗಿತ್ತು.

ಔಷಧದ ಕೋಣೆಯ ಹೊಸ್ತಿಲಲ್ಲೇ ಅವರು ನಿಂತುಬಿಟ್ಟರು. ನಲ್ಲಿಯ ಜಾಡಿ ಖಾಲಿ ಇತ್ತು, ಬೆಳಿಗ್ಗೆ ಬಿಟ್ಟು ಹೋದ ಹಾಗೇ ಒಣಗಿತ್ತು. ಕಂದು ಜಾಡಿ ಮುಕ್ಕಾಲು ಇಳಿದಿತ್ತು. ನಾಗರಾಜು ಸೌಟಿನಿಂದ ಅದನ್ನೇ ಒಂದು ಬಾಟಲಿಗೆ ಬಿಡುತ್ತಿದ್ದ. ಚನ್ನಮಲ್ಲಪ್ಪನವರು ಬಾಟಲಿಯನ್ನು ಕಿತ್ತುಕೊಂಡರು.

"ಎಷ್ಟು ಜನಕ್ಕೆ ಕೊಟ್ಟೆ?"

"ಯಾಕೆ ಸ್ವಾಮಿ? ಡಾಕ್ಟ್ರು ಬಂದು ಜಾಡಿಯಲ್ಲಿರೋದನ್ನ ಬಿಟ್ಟು ಕಳ್ಸು, ಸಾಲು ಕರಗ್ಲಿ ಅಂದ್ರು. ಇದೊಂದೇ ಜಾಡಿ ತುಂಬಿತ್ತು."

"ಎಷ್ಟು ಜನಕ್ಕೆ ಅಂದೆ!"

ಅವನಿಗೆ ಗೊತ್ತಿರಲಿಲ್ಲ. ಚನ್ನಮಲ್ಲಪ್ಪನವರು ಮೇಜಿನ ಮೇಲೆ ಉಳಿದ ಪಟ್ಟಿಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹದಿನೆಂಟು ಉಳಿದಿದ್ದವು. ಒಂದು ಅವರ ಕೈಯಲ್ಲಿದ್ದ ಬಾಟಲಿಗೆ ಅಂಟಿತ್ತು. ಹೊರಗೆ ಹೋದದ್ದು ಮೂವತ್ತೊಂದು. ಮೂವತ್ತೊಂದು ಮನೆಗೆ, ಒಂದು ಹೊತ್ತಿನ ಗುರುತಿಗೆ ಎಂಟು ಹೊತ್ತಿನ ಮದ್ದು ಹೋಗಿತ್ತು. ದೊಡ್ಡವರಾದರೆ ಕಿವಿ ಗುಂಯ್ ಎಂದು, ವಾಂತಿಯಾಗಿ, ಗಟ್ಟಿ ಜೀವವಾದರೆ ತಡೆದುಕೊಂಡಾರು. ಮಕ್ಕಳು ತಡೆಯುವುದಿಲ್ಲ.

ಅವರು ಹಾಗೇ ಡಾಕ್ಟರ ಕೋಣೆಗೆ ನುಗ್ಗಿದರು. ಡಾಕ್ಟರು ಎಲ್ಲ ಕೇಳಿದರು. ಶಾಲನ್ನು ಬಿಗಿಯಾಗಿ ಎಳೆದುಕೊಂಡರು.

"ಉಪ್ಪುಪ್ಪಾಗಿರತ್ತೆ. ಬಾಯಿಗಿಟ್ಟ ತಕ್ಷಣ ಉಗೀತಾರೆ. ಏನೂ ಆಗಲ್ಲ."

"ಏನಾದ್ರೂ ಆದ್ರೆ?"

"ಊರೂರು ಸುತ್ತಿ ತಪ್ಪಾಯ್ತು ಅಂತ ಡಂಗುರ ಹೊಡೀತೀರಾ? ನಾಳೆ ಒಬ್ಬರೂ ಈ ಆಸ್ಪತ್ರೆ ಮೆಟ್ಟಲು ಹತ್ತಲ್ಲ. ಕೂತ್ಕೊಂಡು ನಿಮ್ಮ ಕೆಲಸ ನೋಡಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಸರ್ಟಿಫಿಕೇಟು ಇಲ್ಲೇ ಇದೆ ಚನ್ನಮಲ್ಲಪ್ಪ. ನಾನು ಮರೆತಿಲ್ಲ" ಎಂದರು.

ಚನ್ನಮಲ್ಲಪ್ಪನವರಿಗೆ ಮೈಯೆಲ್ಲ ಉರಿಯಿತು. ಡಾಕ್ಟರ ಮೇಲೆ, ನಾದಿನಿಯ ಸ್ನಾನದ ಮೇಲೆ, ಚೀಟಿ ಅಂಟಿಸದ ತಮ್ಮ ಕೈಯ ಮೇಲೆ. ಅವರು ಹೊರಗೆ ಬಂದರು. ಬೀರುವಿನ ಬೀಗ ತೆಗೆದು, ಮುಟ್ಟಬಾರದೆಂದಿದ್ದ ಡಬ್ಬ ಒಂದನ್ನು ಹೊರಗೆಳೆದು, ಸರಿಯಾದ ಮಿಕ್ಸ್ಚರ್ ಕಲಸಿದರು. ನರ್ಸ್ ವಿಮಲಮ್ಮನವರನ್ನು ಕರೆದು ಸಾಲನ್ನು ಅವರಿಗೆ ಒಪ್ಪಿಸಿದರು. ನಾಗರಾಜುವನ್ನು ಎದುರಿಗೆ ಕೂರಿಸಿಕೊಂಡರು.

"ಮುಖ ನೆನಪಿಲ್ದಿದ್ರೆ ಬಿಡು. ಬಾಟ್ಲಿ ನೆನಪು ಮಾಡ್ಕೋ. ಒಂದೊಂದಾಗಿ ಹೇಳು."

ಆಶ್ಚರ್ಯವೆಂದರೆ ನಾಗರಾಜುವಿಗೆ ಬಾಟಲಿಗಳೆಲ್ಲ ನೆನಪಿದ್ದವು. ಸೌಟು ಹಿಡಿದು ಬಿಟ್ಟವನು ಅವನೇ. ಬಾಯಿ ಒಡೆದ ಬ್ರಾಂದಿ ಬಾಟಲಿ. ಹಸಿರು ಎಣ್ಣೆ ಬಾಟಲಿ. ಒಬ್ಬ ಗೋಲಿ ಸೋಡಾ ಬಾಟಲಿ ತಂದು, ಗೋಲಿ ಅಡ್ಡ ಬಂದು ಮದ್ದು ಒಳಗೆ ಇಳಿಯದೆ ಜಗಳವಾಡಿದ್ದ. ನಾಗರಾಜು ಹೇಳುತ್ತ ಹೋದಂತೆ ಚನ್ನಮಲ್ಲಪ್ಪನವರು ಯಾವ ಬಾಟಲಿ ಯಾರದ್ದೆಂದು ಬರೆದುಕೊಂಡರು. ಮೂರು ವಾರದಿಂದ ಅದೇ ಜನ ಅದೇ ಬಾಟಲಿ ತರುತ್ತಿದ್ದರಲ್ಲ. ಹತ್ತು ರಾಜಾಜಿನಗರದ ವಠಾರಗಳಲ್ಲಿ, ಹನ್ನೊಂದು ಕೇತಮಾರನಹಳ್ಳಿಯಲ್ಲಿ, ಒಂಬತ್ತು ಕುರುಬರಹಳ್ಳಿಯಲ್ಲಿ. ಒಟ್ಟು ಮೂವತ್ತು. ಇನ್ನೊಂದು ನೀಲಿ ಬಾಟಲಿ, ಬಿರಡೆಯ ಬದಲು ಬಟ್ಟೆ ತುರುಕಿದ್ದು. ತಂದವನು ಸೌದೆ ಮಾರುವವನಂತೆ, ಹೊಸಬ. ಶ್ರೀಗಂಧದ ಕಾವಲ್ ಕಡೆಗೆ ಹೋಗಬೇಕು ಬೇಗ ಕೊಡು ಎಂದಿದ್ದನಂತೆ.

ವಠಾರಗಳಿಗೆ ನಾಗರಾಜು ಓಡಿದ. ಚನ್ನಮಲ್ಲಪ್ಪನವರು ಸರಿಯಾದ ಮದ್ದು ತುಂಬಿದ ನಾಲ್ಕು ದೊಡ್ಡ ಬಾಟಲಿಗಳನ್ನು ಚೀಲದಲ್ಲಿಟ್ಟು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿಕೊಂಡು ಹೊರಟರು. ಕಿಟಕಿಯಿಂದ ಡಾಕ್ಟರು ನೋಡುತ್ತಿದ್ದರು. ಸಂಜೆಯ ಹೊತ್ತಿನ ಮದ್ದು ಕುಡಿಸುವುದಕ್ಕೆ ಮುಂಚೆ ಎಲ್ಲ ಬಾಟಲಿ ಕೈಗೆ ಬರಬೇಕಾಗಿತ್ತು.

ಕೇತಮಾರನಹಳ್ಳಿಯಲ್ಲಿ ಕೆಲಸ ಸುಲಭವಾಯಿತು. ಐದು ಮನೆಯವರು ಒಂದು ಗುಟುಕು ಕುಡಿದು ಉಗಿದಿದ್ದರು. ಇಬ್ಬರಿಗೆ ವಾಂತಿಯಾಗಿತ್ತು. ಉಳಿದವರು ಊಟವಾದ ಮೇಲೆ ಎಂದು ಮುಟ್ಟಿರಲೇ ಇಲ್ಲ. ಹನ್ನೊಂದು ಬಾಟಲಿಯನ್ನೂ ಚರಂಡಿಗೆ ಸುರಿದು, ತೊಳೆಸಿ, ಹೊಸ ಮದ್ದು ತುಂಬಿಕೊಟ್ಟರು. ಕುರುಬರಹಳ್ಳಿಯ ಬೇವಿನ ಮರದ ಹತ್ತಿರ ಸೈಕಲ್ಲಿನಿಂದ ಇಳಿದಾಗ ಮೂರು ಗಂಟೆ.

ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಚಿಕ್ಕಮುನಿಯಪ್ಪ ಮೊದಲು ನೋಡಿದ. ಗಿರಣಿಯಲ್ಲಿ ಕೆಲಸ, ಬಾಯಿ ಜೋರು. ಒಡೆದ ಬಾಯಿಯ ಬ್ರಾಂದಿ ಬಾಟಲಿ ಅವನದೇ.

"ಏನ್ ಕಾಂಪೌಂಡ್ರೇ, ಸೈಕಲ್ಲು ನಮ್ಮೂರ ಕಡೆ ತಿರುಗೈತೆ? ದಾರಿ ಗೀರಿ ತಪ್ತಾ?"

"ಬೆಳಿಗ್ಗೆ ಕೊಟ್ಟ ಮಿಕ್ಸ್ಚರ್ ತಪ್ಪಾಗಿದೆ. ವಾಪಸ್ ಕೊಡಿ. ಬೇರೆ ತಂದಿದೀನಿ."

"ಯಾವ್ದು ತಪ್ಪು?" ಚಿಕ್ಕಮುನಿಯಪ್ಪ ಎದ್ದು ನಿಂತ. "ಇವತ್ತೇ ಕಣ್ರೀ ನೀವು ಸರಿಯಾಗಿ ಕೊಟ್ಟಿರೋದು! ನಾಲ್ಗೆ ಮ್ಯಾಲೆ ಇಟ್ರೆ ಚುರ್ ಅಂತೈತೆ. ಮೂರ್ ವಾರ ಕೊಟ್ರಲ್ಲಾ, ಅದು ಮದ್ದಾ? ಅದಕ್ಕಿಂತ ನಮ್ಮ ಬಾವಿ ನೀರು ವಾಸಿ."

ಸುತ್ತ ಮನೆಗಳಿಂದ ಜನ ಬಂದರು. ಒಬ್ಬಳು ಸೆರಗಿನೊಳಗೆ ಬಾಟಲಿ ಮುಚ್ಚಿಕೊಂಡಳು.

"ಬಂಗ್ಲೆಯೋರಿಗೆ ಕಮ್ಮಿ ಬಿದ್ದಿರ್ಬೇಕು, ಅದಕ್ಕೇ ಕಿತ್ಕೊಂಡು ಹೋಗಕ್ಕೆ ಕಳ್ಸವ್ರೆ" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹಂಗಲ್ಲಮ್ಮ, ಇದು ತುಂಬಾ ಗಟ್ಟಿ ಆಗ್ಬಿಟ್ಟಿದೆ..."

"ಗಟ್ಟಿ ಆದ್ರೆ ಆಗ್ಲಿ ಬುಡಿ ಸಾಮಿ. ಜ್ವರಾನೂ ಗಟ್ಟೀನೇ ಐತೆ!"

ಜನ ನಕ್ಕರು. ಚನ್ನಮಲ್ಲಪ್ಪನವರಿಗೆ ನಗು ಬರಲಿಲ್ಲ. ಒಂದು ಮಾತನ್ನೂ ಅಲ್ಲಗಳೆಯಲು ಅವರಿಂದ ಆಗುತ್ತಿರಲಿಲ್ಲ. ಮೂರು ವಾರ ನೀರು ಕುಡಿಸಿದ ಕೈಯನ್ನು ಇವತ್ತು ನಂಬಿ ಎಂದರೆ ಯಾರು ನಂಬುತ್ತಾರೆ? ಅವರ ಕಣ್ಣು ಪಾಪಮ್ಮನನ್ನು ಹುಡುಕಿತು. ಹಸಿರು ಎಣ್ಣೆ ಬಾಟಲಿ ಪಾಪಮ್ಮನದು. ಅವಳ ಮನೆಯಲ್ಲಿ ಮಲಗಿದ್ದದ್ದು ಆರು ವರ್ಷದ ಮೊಮ್ಮಗಳು.

ಪಾಪಮ್ಮ ನಡುಮನೆಯಲ್ಲಿ ಮಗುವಿನ ತಲೆಯ ಹತ್ತಿರ ಕೂತಿದ್ದಳು. ಚನ್ನಮಲ್ಲಪ್ಪನವರನ್ನು ನೋಡಿ ಕೈ ಮುಗಿದಳು.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸಾಮಿ. ಇವತ್ತಿನ ಮದ್ದು ನಾಟ್ತು. ನೋಡಿ, ಹೆಂಗೆ ಬೆವರೈತೆ ನನ್ನ ಚಿಕ್ಕಲಕ್ಷ್ಮಿ!"

ಮಗುವಿನ ಹಾಸಿಗೆಯೇ ಒದ್ದೆಯಾಗಿತ್ತು. ಎದೆ ಬೇಗಬೇಗ ಏರಿಳಿಯುತ್ತಿತ್ತು, ಓಡಿ ಬಂದವರ ಹಾಗೆ.

"ಎಷ್ಟು ಸಲ ಕುಡಿಸಿದ್ರಿ?"

"ಎರಡು ಕಿತ. ಒಂದೊಂದು ಗುರುತು."

"ಗುರುತಾ? ಮಗುಗೆ ಅರ್ಧ ಗುರುತು ಅಂತ ಹೇಳಿದ್ನಲ್ಲಮ್ಮ ನಾನು!"

"ನೀವು ಹೇಳಿದ್ರಿ. ಆದ್ರೆ ನಿಮ್ಮ ಮದ್ದು ನೀರ್ ನೀರಾಗಿರ್ತಿತ್ತಲ್ಲಾ. ಅರ್ಧದಲ್ಲಿ ಏನಾಯ್ತದೆ ಅಂತ ನಾವೆಲ್ಲ ಮೂರು ವಾರದಿಂದ ಮಕ್ಕಳಿಗೂ ತುಂಬ ಗುರುತೇ ಹಾಕ್ತಾ ಇದೀವಿ."

ಚನ್ನಮಲ್ಲಪ್ಪನವರು ಕುಕ್ಕರಿಸಿ ಕೂತು ಮಗುವಿನ ಕೆನ್ನೆ ತಟ್ಟಿದರು. "ಪುಟ್ಟಾ, ಕಿವೀಲಿ ಏನಾದ್ರೂ ಕೇಳಿಸ್ತಾ ಇದೆಯಾ?"

ಮಗು ಕಣ್ಣು ಬಿಡದೆ ಹೇಳಿತು. "ಜೀರುಂಡೆ. ಓಡ್ಸಿ ಅದನ್ನ."

ಅವರು ಹಸಿರು ಬಾಟಲಿಯನ್ನು ಎತ್ತಿಕೊಂಡು ಹೊರಗೆ ಬಂದರು. ಜಗಲಿಯ ಮೇಲೆ ನಿಂತರು.

"ಕೇಳಿ ಇಲ್ಲಿ. ಮೂರು ವಾರದಿಂದ ನಿಮಗೆ ಕೊಟ್ಟಿದ್ದು ಅರ್ಧ ಮದ್ದು. ನಿಮ್ಮ ಬಾಯಿ ಸುಳ್ಳು ಹೇಳಿಲ್ಲ. ಹಾಕು ಅಂತ ಮೇಲಿನವರು ಹೇಳಿದ್ರು, ನೀರು ಹಾಕಿದ್ದು ನಾನು, ಈ ಕೈ. ಇವತ್ತು ಆ ನೀರೂ ಸೇರಿಸ್ದೆ ಗಟ್ಟಿ ಮದ್ದೇ ನಿಮ್ಮ ಬಾಟ್ಲಿಗೆ ಬಂದಿದೆ. ನಾನಿರ್ಲಿಲ್ಲ, ಜಾಡಿ ಮೇಲೆ ಚೀಟಿ ಇರ್ಲಿಲ್ಲ. ಇದು ಒಂದು ಗುರುತು ಕುಡಿದ್ರೆ ಎಂಟು ಗುರುತು ಕುಡಿದ ಹಾಗೆ. ಒಳಗೆ ಮಗು ವಿಷ ಏರಿ ಮಲಗಿದೆ. ನನ್ನನ್ನ ಹೊಡೀರಿ, ಬೈಯಿರಿ. ಬಾಟ್ಲಿ ಮಾತ್ರ ಕೊಡಿ."

ಚಿಕ್ಕಮುನಿಯಪ್ಪ ಹೊದ್ದಿದ್ದ ಕಂಬಳಿ ತೆಗೆದಿಟ್ಟು ಪಾಪಮ್ಮನ ನಡುಮನೆಯೊಳಗೆ ಇಣುಕಿದ.

ಜನರ ನಡುವಿನಿಂದ ಅಕ್ಕಯ್ಯಮ್ಮ ಮುಂದೆ ಬಂದಳು. ಮೂವತ್ತು ವರ್ಷದ ಗಟ್ಟಿ ಹೆಂಗಸು. ಅವಳ ತಮ್ಮ ಹೋದ ವಾರವಷ್ಟೇ ಇದೇ ಜ್ವರದಲ್ಲಿ ತೀರಿಕೊಂಡಿದ್ದ. ಅವನ ಬಾಟಲಿಗೆ ಪಟ್ಟಿ ಅಂಟಿಸಿದ್ದು ಚನ್ನಮಲ್ಲಪ್ಪನವರಿಗೆ ನೆನಪಿತ್ತು.

"ನನ್ನ ತಮ್ಮನ ಬಾಟ್ಲಿಗೂ ನೀರೇನಾ?"

ಜ್ವರದ ಪುಡಿ ಸರಿಯಾಗಿದ್ದರೂ ಅವನು ಉಳಿಯುತ್ತಿರಲಿಲ್ಲವೇನೋ. ಎದೆಗೆ ಕಫ ಕಟ್ಟಿತ್ತು. ಅವನಿಗೆ ಬೇಕಾಗಿದ್ದ ಸಲ್ಫಾ ಮಾತ್ರೆಗಳೂ ಅದೇ ಬೀರುವಿನಲ್ಲಿ ಬೀಗದೊಳಗಿದ್ದವು. ಇದನ್ನೆಲ್ಲ ಹೇಳಬಹುದಿತ್ತು. ಹೇಳಿದರೆ ತನ್ನನ್ನು ಬಿಡಿಸಿಕೊಂಡ ಹಾಗಾಗುತ್ತದೆ ಎನ್ನಿಸಿತು.

"ಹೂಂ" ಎಂದರು.

ಅಕ್ಕಯ್ಯಮ್ಮ ಅವರ ಕೆನ್ನೆಗೆ ಹೊಡೆದಳು. ಕನ್ನಡಕ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಆಮೇಲೆ ಅವಳು ಮನೆಯೊಳಗೆ ಹೋಗಿ, ಅವಳ ತಾಯಿಗೆಂದು ತಂದಿದ್ದ ಬಾಟಲಿಯನ್ನು ತಂದು ಅವರ ಪಾದದ ಹತ್ತಿರ ಸುರಿದಳು.

"ನೋಡ್ತಾ ನಿಂತಿದೀರಲ್ಲ, ತಂದು ಸುರೀರಿ ಎಲ್ರೂ!" ಎಂದು ಜನರ ಮೇಲೆ ಕೂಗಿದಳು. ಚನ್ನಮಲ್ಲಪ್ಪನವರ ಕಡೆ ತಿರುಗಿ, "ನೀನು ಮೊದ್ಲು ಆ ಮಗೀನ ಎತ್ಕೊಂಡು ನಡಿ. ನಿನ್ನ ಮಾತು ಆಮ್ಯಾಕೆ" ಎಂದಳು.

ಒಂಬತ್ತು ಬಾಟಲಿಗಳೂ ಖಾಲಿಯಾದವು. ಮಾಗಡಿ ರಸ್ತೆಯವರೆಗೆ ಚಿಕ್ಕಮುನಿಯಪ್ಪ ಜ್ವರದ ಮೈಯಲ್ಲೇ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಅಲ್ಲಿ ಇಟ್ಟಿಗೆ ಲಾರಿಯೊಂದನ್ನು ಅಡ್ಡ ನಿಂತು ನಿಲ್ಲಿಸಿದ. "ಏಯ್, ಮಗೀಗೆ ಮದ್ದು ಏರೈತೆ, ಬಾಗ್ಲು ತೆಗಿಯೋ!" ಎಂದು ಕೂಗಿದ. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಮಗುವಿನ ಹೊಟ್ಟೆ ತೊಳೆದರು, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿದರು, ನರಕ್ಕೆ ಗ್ಲೂಕೋಸು ಏರಿಸಿದರು. ಏನು ಕುಡಿಸಿದ್ದೀರಿ, ಎಷ್ಟು ಕುಡಿಸಿದ್ದೀರಿ ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಚನ್ನಮಲ್ಲಪ್ಪನವರು ತೂಕದ ಸಮೇತ ಹೇಳಿದರು. "ನೀವು ಹೇಳದಿದ್ದರೆ ಬರೀ ಜ್ವರ ಅಂದುಕೊಂಡು ಇದೇ ಮದ್ದನ್ನ ನಾವೂ ಕೊಡ್ತಿದ್ವಿ" ಎಂದರು ಆ ಡಾಕ್ಟರು. ನಾಲ್ಕನೇ ದಿನ ಚಿಕ್ಕಲಕ್ಷ್ಮಿ ಎದ್ದು ಕೂತು ಗಂಜಿ ಕೇಳಿದಳು.

ನಾಗರಾಜು ಹತ್ತು ಬಾಟಲಿಗಳನ್ನು ಆ ಸಂಜೆಯೇ ಹಿಡಿದು ತಂದಿದ್ದ. ಮೂವತ್ತು ಸಿಕ್ಕಿದವು. ನೀಲಿ ಬಾಟಲಿ ಸಿಗಲಿಲ್ಲ.

ಪೇಟೆಯ ಆಸ್ಪತ್ರೆಯಿಂದ ಧರ್ಮಾಸ್ಪತ್ರೆಗೆ ಕಾಗದ ಬಂತು, ಹೇಗಾಯಿತು ಎಂದು ವಿವರ ಕೇಳಿ. ದೊಡ್ಡ ಡಾಕ್ಟರು ಚನ್ನಮಲ್ಲಪ್ಪನವರನ್ನು ಕರೆದು ಎರಡು ಹಾಳೆಗಳನ್ನು ಮುಂದಿಟ್ಟರು. ಒಂದು ಅವರ ಸರ್ಟಿಫಿಕೇಟು. ಇನ್ನೊಂದು ಹೇಳಿಕೆ: ಅಟೆಂಡರ್ ನಾಗರಾಜು ಯಾರ ಅಪ್ಪಣೆಯೂ ಇಲ್ಲದೆ ಔಷಧದ ಕೋಣೆಗೆ ನುಗ್ಗಿ ಮದ್ದು ಹಂಚಿದನೆಂದು.

"ನೀವು ಇದಕ್ಕೆ ಸಹಿ ಹಾಕಿ. ನಾನು ಅದಕ್ಕೆ ಹಾಕ್ತೀನಿ. ಸೋಮವಾರದವರೆಗೆ ಯೋಚನೆ ಮಾಡಿ."

ಮನೆಗೆ ಬಂದು ಹೆಂಡತಿ ಜಗದಾಂಬಾ ಅವರಿಗೆ ಹೇಳಿದರು. ಆಕೆ ರೊಟ್ಟಿ ತಟ್ಟುತ್ತಿದ್ದರು.

"ಹಾಕಿ ಅಂದ್ರೆ ನೀವು ನನ್ನ ಮುಖ ನೋಡಲ್ಲ. ಹಾಕ್ಬೇಡಿ ಅಂದ್ರೆ ನಾಳೆ ಏನು ಅಂತ ನೀವೇ ಕೇಳ್ತೀರ. ನನ್ನನ್ನ ಯಾಕೆ ಕೇಳ್ತೀರಿ?"

"ನಾಗರಾಜುಗೆ ನಾಲ್ಕು ಮಕ್ಕಳು."

"ನಮಗೆ ಎರಡು. ಎಣಿಸಿ ತೀರ್ಮಾನ ಮಾಡೋ ವಿಷಯಾನಾ ಅದು?" ಎಂದು ರೊಟ್ಟಿಯನ್ನು ಹೆಂಚಿಗೆ ಬಡಿದರು.

ನಿಜ ಹೇಳಬೇಕೆಂದರೆ ಶನಿವಾರದವರೆಗೆ ಅವರು ಸಹಿ ಹಾಕುವವರೇ ಇದ್ದರು. ಮಗು ಉಳಿದಿದೆ, ಬಾಟಲಿ ಸಿಕ್ಕಿವೆ, ನಾಗರಾಜುವಿಗೆ ಹೆಚ್ಚೆಂದರೆ ವಾರ್ಡು ಬದಲಾದೀತು ಎಂದು ಮನಸ್ಸು ಏನೇನೋ ಹೇಳುತ್ತಿತ್ತು. ಮೂವತ್ತೊಂದರಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಸಿಗದೆ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಮಾಗಡಿ ರಸ್ತೆ ಹಿಡಿದರು. ಬುಧವಾರವೂ ಒಮ್ಮೆ ಹೋಗಿ ಕೇಳಿ ಬಂದಿದ್ದರು, ಯಾರಿಗೂ ತಿಳಿದಿರಲಿಲ್ಲ. ಈ ಸಲ ಶ್ರೀಗಂಧದ ಕಾವಲಿನ ಪೊದೆಗಳ ಅಂಚಿನಲ್ಲಿ ಗುಡಿಸಲು ಗುಡಿಸಲಿಗೂ ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಹುಲ್ಲು ಹೊದಿಸಿದ ಒಂದು ಗುಡಿಸಲಿನ ಮುಂದೆ ರಾಮಮ್ಮ ಎಂಬ ಹೆಂಗಸು ಸೌದೆ ಸೀಳುತ್ತಿದ್ದಳು. ನೀಲಿ ಬಾಟಲಿ ಎಂದ ಕೂಡಲೆ ಕೊಡಲಿ ಕೆಳಗಿಟ್ಟಳು.

"ನೀವು ಆಸ್ಪತ್ರೆಯೋರಾ? ನಮ್ಮೋರು ಗುರುವಾರ ಹೋಗ್ಬುಟ್ರು."

ಚನ್ನಮಲ್ಲಪ್ಪನವರು ಸೈಕಲ್ ನಿಲ್ಲಿಸಿ, ಹೇಗಾಯಿತು ಎಂದು ಕೇಳಿದರು.

"ಜ್ವರ ಏರ್ತು. ಉಬ್ಬಸ ಬಂದಂಗೆ ಉಸ್ರು ಎಳೆದ್ರು. ಮದ್ದು ಮಾತ್ರ ತಪ್ಪದಂಗೆ ಕೊಟ್ಟೆ ಸಾಮಿ, ನೀವು ಅಂಟಿಸಿದ್ದ ಗುರುತು ನೋಡ್ಕೊಂಡೇ ಕೊಟ್ಟೆ."

ಅವಳು ಒಳಗಿನಿಂದ ಬಾಟಲಿ ತಂದು ತೋರಿಸಿದಳು. ತಾನು ತಪ್ಪು ಮಾಡಿಲ್ಲವೆಂದು ತೋರಿಸುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಎಂಟು ಗುರುತಿನಲ್ಲಿ ಐದು ಇಳಿದಿತ್ತು. ಗೆರೆ ಒಂದು ಕೂದಲೆಳೆಯಷ್ಟೂ ಆಚೆ ಈಚೆ ಆಗಿರಲಿಲ್ಲ.

ಜ್ವರವೇ ಕೊಂದಿತೋ, ಮದ್ದೇ ಕೊಂದಿತೋ. ಇನ್ನು ಯಾವ ಡಾಕ್ಟರೂ ಹೇಳಲಾರ. ಚನ್ನಮಲ್ಲಪ್ಪನವರು ಅವಳಿಗೆ ಎಲ್ಲವನ್ನೂ ಹೇಳಿದರು. ಅವಳಿಗೆ ಅರ್ಥವಾಗುವವರೆಗೆ ಎರಡು ಸಲ ಹೇಳಿದರು. ಅವಳು ಅಳಲಿಲ್ಲ. ಅಕ್ಕಯ್ಯಮ್ಮನ ಹಾಗೆ ಹೊಡೆಯಲೂ ಇಲ್ಲ.

"ಹಂಗಾರೆ ನಾನೇ ಕುಡ್ಸಿ ಕಳಿಸ್ದೆ ಅನ್ನಿ" ಎಂದಳು.

"ನೀನಲ್ಲಮ್ಮ" ಎಂದು ಅವರು ಚೀರಿದರು. ಅಷ್ಟು ಜೋರಾಗಿ ಅವರು ಜೀವನದಲ್ಲಿ ಮಾತಾಡಿರಲಿಲ್ಲ. "ನೀನಲ್ಲ! ಗುರುತು ನೋಡಿ ಕೊಟ್ಟವಳು ನೀನು. ಆ ತಪ್ಪು ನಿನ್ನ ತಲೆಗೆ ಬರಕ್ಕೆ ನಾನು ಬಿಡಲ್ಲ."

ಸತ್ತವನ ಹೆಸರು ಕೇಳಿ ಬರೆದುಕೊಂಡರು. ಮರಿಯಪ್ಪ. ಬಾಟಲಿಯನ್ನು ಕೇಳಿ ಪಡೆದರು.

ಸೋಮವಾರ ಬೆಳಿಗ್ಗೆ ಅದನ್ನು ದೊಡ್ಡ ಡಾಕ್ಟರ ಮೇಜಿನ ಮೇಲೆ, ಸರ್ಟಿಫಿಕೇಟಿನ ಪಕ್ಕಕ್ಕೆ ಇಟ್ಟರು.

"ಏನಿದು?"

"ಮೂವತ್ತೊಂದನೇದು. ಐದು ಗುರುತು ಕುಡಿದು ಸತ್ತಿದಾನೆ. ಉಗೀತಾರೆ ಅಂದಿದ್ರಲ್ಲ ಸಾರ್, ಉಗಿಲಿಲ್ಲ. ಆಸ್ಪತ್ರೆ ಮದ್ದು, ಚೆಲ್ಲಬಾರದು ಅಂತ ಕುಡಿದಿದಾನೆ."

ತಾವು ಬರೆದುಕೊಂಡು ಬಂದಿದ್ದ ಹೇಳಿಕೆಯನ್ನು ಮುಂದಿಟ್ಟರು. ಜಾಡಿಗೆ ಚೀಟಿ ಅಂಟಿಸದೇ ಇದ್ದದ್ದು ತನ್ನ ತಪ್ಪು. ಮೂರು ವಾರ ಮದ್ದಿಗೆ ನೀರು ಹೆಚ್ಚಿಸಿದ್ದು ಡಾಕ್ಟರ ಅಪ್ಪಣೆ. ತನ್ನನ್ನು ಬಂಗಲೆಗೆ ಕಳಿಸಿ ನಾಗರಾಜುವಿಗೆ ಜಾಡಿಯಲ್ಲಿರುವುದನ್ನು ಹಂಚು ಎಂದದ್ದು ಡಾಕ್ಟರ ಅಪ್ಪಣೆ. ಗೊತ್ತಾದ ಮೇಲೆ ಸುಮ್ಮನಿರು ಎಂದದ್ದೂ ಡಾಕ್ಟರೇ. ಕೆಳಗೆ ಮರಿಯಪ್ಪನ ಹೆಸರು, ಅವನು ಸತ್ತ ದಿನ.

ಡಾಕ್ಟರು ಓದಿದರು. ಹಾಳೆಯನ್ನು ಕವುಚಿ ಮೇಜಿನ ಮೇಲಿಟ್ಟರು.

"ಇದು ಹೊರಗೆ ಹೋದ್ರೆ ನೀವು ಇನ್ನು ಯಾವತ್ತೂ ಔನ್ಸ್ ಗ್ಲಾಸು ಹಿಡಿಯಲ್ಲ, ಗೊತ್ತಾ?"

"ಗೊತ್ತು. ಇದರ ಇನ್ನೊಂದು ಪ್ರತಿ ಆರೋಗ್ಯದ ಕಚೇರಿಗೆ ಅಂತ ಬರೋ ದಾರೀಲಿ ಪೋಸ್ಟಿಗೆ ಹಾಕಿ ಬಂದೆ."

ಸರ್ಟಿಫಿಕೇಟು ಸಹಿಯಿಲ್ಲದೆ ಉಳಿಯಿತು. ಆ ತಿಂಗಳೇ ಚನ್ನಮಲ್ಲಪ್ಪನವರನ್ನು ಕೆಲಸದಿಂದ ತೆಗೆದರು. ನಾಗರಾಜುವನ್ನು ಮುಟ್ಟಲಿಲ್ಲ. ಕುರುಬರಹಳ್ಳಿಯ ಜನ ಅಕ್ಕಯ್ಯಮ್ಮನನ್ನು ಮುಂದಿಟ್ಟುಕೊಂಡು ಬಂದು, ತಮ್ಮ ಕಣ್ಣೆದುರಿಗೇ ಮದ್ದು ಕಲಸಬೇಕೆಂದು ಗಲಾಟೆ ಮಾಡಿದರು. ಎರಡು ದಿನ ಗೇಟು ಬಿಡಲಿಲ್ಲ. ಕೊನೆಗೆ ಔಷಧದ ಕೋಣೆಯ ಗೋಡೆ ಒಡೆದು ಕಿಟಕಿ ಇಡಬೇಕಾಯಿತು. ಚನ್ನಮಲ್ಲಪ್ಪನವರನ್ನು ವಾಪಸ್ಸು ತೆಗೆದುಕೊಳ್ಳಿ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಿತ್ತೆಂದು ಚನ್ನಮಲ್ಲಪ್ಪನವರಿಗೂ ಅನ್ನಿಸಲಿಲ್ಲ.

ರಾಜಾಜಿನಗರದ ಒಂದು ಬಣ್ಣದ ಕಾರ್ಖಾನೆಯಲ್ಲಿ ಪುಡಿ ತೂಗುವ ಕೆಲಸ ಸಿಕ್ಕಿತು. ಅಕ್ಟೋಬರಿನಲ್ಲಿ ಆರೋಗ್ಯದ ಕಚೇರಿಯಿಂದ ಉತ್ತರ ಬಂತು. ಪತ್ರ ತಲುಪಿದೆ, ಕಡತಕ್ಕೆ ಸೇರಿಸಲಾಗಿದೆ ಎಂದು ಒಂದೇ ಸಾಲು ಇತ್ತು. ಮರಿಯಪ್ಪ ಎಂಬ ಮಾತು ಅದರಲ್ಲಿರಲಿಲ್ಲ.

ಜಗದಾಂಬಾ ಅದನ್ನು ಓದಿ, ಅಡುಗೆಮನೆಯಿಂದ ಲಾಟೀನು ತಂದು ಅವರ ಮುಂದಿಟ್ಟರು. "ಬರೀರಿ ಇನ್ನೊಂದು" ಎಂದರು.

ಅವರು ಬರೆದರು. ಉತ್ತರ ಬರಲಿಲ್ಲ. ಮುಂದಿನ ತಿಂಗಳು ಮತ್ತೆ ಬರೆದರು. ಐವತ್ತೊಂಬತ್ತನೇ ಇಸವಿಯ ಯುಗಾದಿಯ ಹೊತ್ತಿಗೆ ಹದಿನಾರು ಪತ್ರಗಳಾಗಿದ್ದವು. ಹದಿನಾರರಲ್ಲೂ ಮೊದಲ ಸಾಲಿನಲ್ಲಿ ಮರಿಯಪ್ಪನ ಹೆಸರಿತ್ತು. ಹಬ್ಬ ಕಳೆದ ಮೊದಲ ಭಾನುವಾರ ಹದಿನೇಳನೆಯದಕ್ಕೆ ಕೂತರು.